ಮಸಾಲಿ ಖಾರದ ಮಹಾಯೋಜನೆ

ಊಟಕ್ಕೆ ಕುಳಿತ ಗಂಡನನ್ನು ಬೈಯಬಾರದೆಂದು ಸರಕಾರ ಒಂದು ಕಾನೂನು ತರಬೇಕು. ಬೈಯಲೇಬೇಕೆಂದಿದ್ದರೆ ಸೊಸೆ ಎದುರಿಗೆ ಇಲ್ಲದಾಗ ಬೈಯಬೇಕೆಂಬ ಒಂದು ತಿದ್ದುಪಡಿಯನ್ನಾದರೂ ಸೇರಿಸಬೇಕು. ಇಂಥ ಕಾನೂನು ಚಿಕ್ಕೋಡಿಯಲ್ಲಿ ಇನ್ನೂ ಜಾರಿಗೆ ಬಂದಿಲ್ಲವಾದ್ದರಿಂದ, ಹೋದ ಬೇಸಿಗೆಯ ಒಂದು ಮಧ್ಯಾಹ್ನ ನಾನು ರೊಟ್ಟಿ ಮುರಿಯುತ್ತ ಕುಳಿತಿದ್ದಾಗ ಅದರ ಜೊತೆಗೆ ನನ್ನ ಮರ್ಯಾದೆಯೂ ಮುರಿಯಿತು.

ಕಾರಣ ಬಹಳ ಸಣ್ಣದು. ಬಚ್ಚಲಿನ ನಳ ಸೋರುತ್ತಿತ್ತು. ನಾನು ಅದನ್ನು ಬಿಚ್ಚಿದೆ. ವಾಸರ್ ತರಲು ಪೇಟೆಗೆ ಹೋದೆ. ಅಲ್ಲಿ ಹಳೆಯ ಗೆಳೆಯರು ಸಿಕ್ಕರು, ಚಹಾ ಆಯಿತು, ಮಾತಾಯಿತು, ವಾಸರ್ ಒಂದು ಆಗಲಿಲ್ಲ. ತಿರುಗಿ ಬಂದು ನಳಕ್ಕೆ ಒಂದು ಹಳೆಯ ಟಾವೆಲ್ ಸುತ್ತಿ ದಾರ ಬಿಗಿದೆ. ಆ ಟಾವೆಲ್ ನನ್ನ ಸೊಸೆ ಸ್ನೇಹಲಳದು, ಹಳೆಯದೂ ಅಲ್ಲ ಎಂಬುದು ಆಮೇಲೆ ತಿಳಿಯಿತು.

"ನಳದ ಸುದ್ದಿ ಬಿಡ್ರಿ," ಅಂದಳು ನನ್ನ ಹೆಂಡತಿ ಹೊಳೆವ್ವ, ತಾಟಿಗೆ ಬದನೆಕಾಯಿ ಪಲ್ಯ ನೀಡುತ್ತ. "ಲಗ್ನ ಆದಾಗಿಂದ ನೋಡಾಕತ್ತೇನಿ. ನೀವು ಕೈ ಹಚ್ಚಿದ್ದು ಒಂದರ ಕೆಲಸ ಅಖೇರಿ ಮುಟ್ಟೇತೇನು? ದೇವರ ಮನಿ ಕಪಾಟಿಗೆ ಒಂದ ಬಾಗಲಾ ಕುಂಡ್ರಿಸಿದ್ರಿ. ಇನ್ನೊಂದ ಬಾಗಲಾ ಗ್ವಾಡಿಗೆ ಆನಿಸಿ ಇಟ್ರಿ. ಅದು ನಮ್ಮ ಮಗಾ ಹುಟ್ಟಿದ ವರ್ಷ."

"ಅದನ್ನ ಮಾಡಾಂವ ಇದ್ದೆ," ಅಂದೆ.

"ಮಗಗ ಲಗ್ನ ಆತು," ಅಂದಳು.

ಸ್ನೇಹಲ ತಲೆ ಬಗ್ಗಿಸಿ ಮಜ್ಜಿಗೆ ಕುಡಿಯುತ್ತಿದ್ದಳು. ಮಜ್ಜಿಗೆಯಲ್ಲಿ ಗುಳ್ಳೆ ಎದ್ದವು. (ನಗು ತಡೆದುಕೊಂಡು ಮಜ್ಜಿಗೆ ಕುಡಿದರೆ ಹಾಗೆಯೇ ಆಗುತ್ತದೆ.)

ಈ ಮಾತು ನನಗೆ ಯಾಕಷ್ಟು ನಾಟಿತು ಎಂದು ತಿಳಿಯಬೇಕಾದರೆ ನನ್ನ ನೌಕರಿಯ ಇತಿಹಾಸ ಸ್ವಲ್ಪ ಕೇಳಬೇಕು. ಮುರಗೆಪ್ಪ ಎಂಬ ಹೆಸರಿನ ನಾನು ಒಂದು ಏತ ನೀರಾವರಿ ಯೋಜನೆಯ ಕಚೇರಿಯಲ್ಲಿ ದುಡಿದವನು. ಹೊಳೆಯ ನೀರನ್ನು ಮೇಲೆತ್ತಿ ಒಣ ಹೊಲಗಳಿಗೆ ಹರಿಸುವ ಘನವಾದ ಯೋಜನೆ ಅದು. ನಾನು ಚಿಗುರುಮೀಸೆಯಲ್ಲಿ ಕೆಲಸಕ್ಕೆ ಸೇರಿದ ವಾರವೇ ಅದರ ಗುದ್ದಲಿ ಪೂಜೆ ಆಯಿತು. ನಾನು ಬಿಳಿಮೀಸೆಯಲ್ಲಿ ನಿವೃತ್ತನಾದಾಗಲೂ ಅದು 'ಪ್ರಗತಿಯಲ್ಲಿ' ಇತ್ತು. ನಡುವೆ ಎಷ್ಟು ಸಲ ಪೂಜೆ ಆಗಿತ್ತೆಂದರೆ ಆ ಗುದ್ದಲಿಯ ಕಾವನ್ನೇ ಬದಲಿಸಬೇಕಾಯಿತು. ಹೀಗೆ ಕಚೇರಿಯಲ್ಲಿ ನನ್ನಿಂದ ಹೊಳೆಯನ್ನು ಎತ್ತಲಾಗಲಿಲ್ಲ; ಮನೆಯಲ್ಲಿ ಮಾತ್ರ ಹೊಳೆವ್ವ ನನ್ನನ್ನು ದಿನಾ ಎತ್ತಿ ಎತ್ತಿ ಒಗೆಯುತ್ತಿದ್ದಳು.

ಒಂದು ಕೆಲಸ, ಸಣ್ಣದಾದರೂ ಸರಿ, ಶುರುವಿನಿಂದ ಕೊನೆಯವರೆಗೆ ನನ್ನ ಕೈಯಿಂದ ಆಗಬೇಕು, ಅದು ಮುಗಿದದ್ದನ್ನು ನಾನು ಕಣ್ಣಿಂದ ನೋಡಬೇಕು ಎಂಬ ಆಸೆ ಒಳಗೊಳಗೇ ಇತ್ತು. ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಅರವತ್ತು ದಾಟಿದ ಮೇಲೆ ಇಂಥ ಆಸೆ ಹೇಳಿಕೊಳ್ಳಲು ನಾಚಿಕೆ ಆಗುತ್ತದೆ.

ಅಷ್ಟರಲ್ಲಿ ಹೊಳೆವ್ವ ಸೊಸೆಗೆ ಹೇಳಿದಳು: "ಸ್ನೇಹಲ, ಮಸಾಲಿ ಖಾರದ್ದ ನೋಡಬೇಕವಾ ಈ ವಾರ. ಡಬ್ಬಿ ತಳಾ ಕಾಣಾಕತ್ತೈತಿ. ನನಗ ನೋಡಿದ್ರ ಮಣಿಕಟ್ಟ ಒಂದ ನೋಯಾಕತ್ತೈತಿ."

ನಮ್ಮ ಕಡೆಯ ಮಸಾಲಿ ಖಾರ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸಿ, ಕೊತ್ತಂಬರಿ ಬೀಜ, ಎಳ್ಳು, ಒಣ ಕೊಬ್ಬರಿ, ಲವಂಗ, ದಾಲ್ಚಿನ್ನಿ ಮೊದಲಾದುವನ್ನು ಎಣ್ಣೆಯಲ್ಲಿ ಹುರಿದು, ಎಲ್ಲ ಕೂಡಿಸಿ ಗಿರಣಿಯಲ್ಲಿ ಕುಟ್ಟಿಸಿ, ವರ್ಷಕ್ಕಾಗುವಷ್ಟು ತುಂಬಿಡುತ್ತಾರೆ. ಅದು ಕೆಟ್ಟರೆ ವರ್ಷವೇ ಕೆಟ್ಟಂತೆ. ನಮ್ಮ ಮನೆಯದು ಅಥಣಿಯಲ್ಲಿರುವ ನನ್ನ ಅಕ್ಕ ಗಿರಿಜವ್ವನಿಗೂ ಹೋಗಬೇಕು.

"ಅದನ್ನ ನಾ ಮಾಡ್ತೇನಿ," ಅಂದೆ.

ಅತ್ತೆ ಸೊಸೆ ಇಬ್ಬರ ಕೈಯೂ ತಾಟಿನ ಮೇಲೆ ನಿಂತಿತು.

"ಮೆಣಸಿನಕಾಯಿ ತರೂದ್ರಿಂದ ಹಿಡದು ಡಬ್ಬಿ ಮುಚ್ಚಳಾ ಹಾಕೂತನಕ. ಪೂರಾ ಯೋಜನಾ ನನ್ನ ಕಡೆ ಇರಲಿ. ನೀವಿಬ್ಬರೂ ಕೈ ಹಚ್ಚೂದು ಬ್ಯಾಡ, ಬಾಯಿ ಹಚ್ಚೂದೂ ಬ್ಯಾಡ."

"ಬಾಯಿ ಹಚ್ಚದ ತಿನ್ನೂದು ಹೆಂಗ್ರಿ ಮಾಮಾ?" ಅಂದಳು ಸ್ನೇಹಲ.

"ನಡುವ ಬಾಯಿ ಹಾಕಬ್ಯಾಡ್ರಿ ಅಂದೆ."

ಹೊಳೆವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ, "ಮಾಡ್ರಿ. ನಾ ಒಂದ ಮಾತ ಆಡೂದಿಲ್ಲ. ಆದ್ರ ಅರ್ಧಕ್ಕ ಬಿಟ್ಟು ನನ್ನ ಕೊಳ್ಳಾಗ ಹಾಕಿದ್ರಿ ಅಂದ್ರ ವರ್ಷಪೂರ್ತಿ ಮಜ್ಜಿಗಿ ಅನ್ನಾನ ಉಣ್ಣಬೇಕ ನೀವು," ಅಂದಳು.

ಒಪ್ಪಿದೆ. ಅಂದೇ ಸ್ಥಳ ಪರಿಶೀಲನೆ ಮಾಡಿದೆ. (ಅಂದರೆ ಮಾಳಿಗೆ ಹತ್ತಿ ಇಳಿದೆ.) ತಾಂತ್ರಿಕ ಸಲಹೆ ಪಡೆದೆ. (ಅಂದರೆ ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ಮಸಾಲಿ ಖಾರ ಮಾಡುವುದನ್ನು ನೋಡಿದೆ. ನಡುವೆ ಜಾಹೀರಾತು ಬಂತು. ಫೋನು ಹಾಗೇ ಬಿಟ್ಟು ನೀರು ಕುಡಿಯಲು ಎದ್ದು ಹೋದೆ. ತಿರುಗಿ ಬರುವಷ್ಟರಲ್ಲಿ ಆಕೆ ಒಂದೆರಡು ಸಾಮಾನು ಹಾಕಿ ಮುಂದೆ ಹೋಗಿದ್ದಳು. ಇರಲಿ, ಒಂದೆರಡು ಸಾಮಾನಿನಿಂದ ಏನಾಗುತ್ತದೆ ಎಂದುಕೊಂಡೆ.)

ಮರುದಿನ ನಿಪ್ಪಾಣಿಯ ಮೆಣಸಿನಕಾಯಿ ಪೇಟೆಗೆ ಹೋದೆ. ಅಲ್ಲಿ ಲಖನ ಎಂಬ ವ್ಯಾಪಾರಿ ಸಿಕ್ಕ. ಅರ್ಧ ಕನ್ನಡ, ಅರ್ಧ ಮರಾಠಿ, ಬಾಯಿತುಂಬ ಎಲೆಅಡಿಕೆ. ಬಣ್ಣಕ್ಕೆ ಬ್ಯಾಡಗಿ, ರುಚಿಗೆ ಸಂಕೇಶ್ವರಿ, ಇವೆರಡನ್ನೂ ಬೇಕಾದಷ್ಟು ತೂಗಿಸಿದೆ. ಮೂಲೆಯಲ್ಲಿ ಒಂದು ಚೀಲದ ತುಂಬ ಸಣ್ಣ ಸಣ್ಣ ಮೆಣಸಿನಕಾಯಿ ಇದ್ದವು. ನೋಡಿದರೆ ಪಾಪ ಅನಿಸುವಂಥವು.

"ತೀ ಲವಂಗೀ ಸಾಹೇಬ. ಮನೀ ಖಾರಕ್ಕ ಒಂದ ಹಿಡಿ ಸಾಕು, ಬಸ್ಸ," ಅಂದ.

"ಪರೀಕ್ಷಾ ಮಾಡದ ನಾ ಯಾವ ಮಾಲೂ ತಗೊಳ್ಳೂದಿಲ್ಲ," ಎಂದು ಒಂದು ಕಾಯಿ ಎತ್ತಿಕೊಂಡೆ.

"ನಕಾ ಖಾಊ ಸಾಹೇಬ," ಅಂದ ಲಖನ. ತಿನ್ನಬೇಡಿರಿ ಎಂದು ಅರ್ಥ. ಮರಾಠಿ ನನಗೆ ಚೆನ್ನಾಗಿ ಬರುತ್ತದೆ. ಆದರೂ ತಿಂದೆ.

ಮೊದಲು ಏನೂ ಆಗಲಿಲ್ಲ. ಇಷ್ಟೇ ಏನು ಎಂಬಂತೆ ಅವನತ್ತ ನೋಡಿ ನಕ್ಕೆ. ಆ ನಗು ಮುಗಿಯುವ ಮೊದಲೇ ಎರಡೂ ಕಿವಿಯಲ್ಲಿ ಪ್ರೆಶರ್ ಕುಕ್ಕರ್ ಕೂಗಿತು. ನಾಲಗೆ ನನ್ನದಲ್ಲ ಅನಿಸಿತು. ನೀರು ಎನ್ನಬೇಕು, ಬಾಯಿ ತೆರೆದರೆ ಗಾಳಿ ಮಾತ್ರ ಹೊರಗೆ ಬರುತ್ತಿದೆ. ಅಂಗೈ ಅಗಲಿಸಿ ಅವನ ಮುಂದೆ ಚಾಚಿದೆ. ನೀರು ಕೊಡಪ್ಪ ಎಂಬ ಅರ್ಥದಲ್ಲಿ.

"ಪಾಚ ಕಿಲೋ?" ಅಂದ ಲಖನ, ನನ್ನ ಐದು ಬೆರಳು ನೋಡಿ.

ನೀರು ಬೇಕೇ ಎಂದು ಕೇಳುತ್ತಿದ್ದಾನೆಂದು ತಿಳಿದು ಹೌದು ಹೌದೆಂದು ಜೋರಾಗಿ ತಲೆ ಆಡಿಸಿದೆ. ಅವನು ಗೌರವದಿಂದ ನನ್ನನ್ನು ನೋಡಿ ತೂಗಿದ.

ಚೀಲಗಳು ಮನೆಗೆ ಬಂದಾಗ ಹೊಳೆವ್ವ ಬಾಗಿಲಲ್ಲಿ ನಿಂತಿದ್ದಳು. ಒಂದೊಂದನ್ನೂ ಬಿಚ್ಚಿ ನೋಡಿದಳು. ಲವಂಗಿಯ ಚೀಲದ ಮುಂದೆ ಬಹಳ ಹೊತ್ತು ನಿಂತಳು.

"ಏನು?" ಅಂದೆ.

"ಏನಿಲ್ಲ. ಮಾತಾಡೂದಿಲ್ಲ ಅಂದೇನಿ," ಎಂದು ಒಳಗೆ ಹೋದಳು.

ಮದುವೆಯಾದಾಗಿನಿಂದ ಇಷ್ಟು ಶಿಸ್ತು ಆಕೆಯಲ್ಲಿ ನಾನು ಕಂಡಿರಲಿಲ್ಲ. ಮನಸ್ಸಿಗೆ ಸಮಾಧಾನ ಆಯಿತು.

ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಮೆಣಸಿನಕಾಯಿ ಹರವಿದೆ. ಕೊಡೆ ಹಿಡಿದು ಕಾವಲು ಕುಳಿತೆ. ಮಾಳಿಗೆ ತುಂಬ ಕೆಂಪು, ನೋಡಲು ಎಷ್ಟು ಚೆಂದವೆಂದರೆ ಫೋಟೋ ತೆಗೆದು ಬಳಗದವರಿಗೆಲ್ಲ ಕಳಿಸಿದೆ. ಕಳಿಸುತ್ತಿದ್ದಾಗಲೇ ಫೋನಿನ ಮೇಲೆ ಒಂದು ಹನಿ ಬಿತ್ತು. ಬೇಸಿಗೆಯ ಅಡ್ಡಮಳೆ ಹೇಳಿ ಕೇಳಿ ಬರುವುದಿಲ್ಲ. ನಾನು ಸೀರೆಗಳನ್ನು ಗಂಟು ಕಟ್ಟಿ, ಮೆಟ್ಟಿಲು ಇಳಿದು, ಎಲ್ಲಿ ಒಣ ಜಾಗ ಕಂಡಿತೋ ಅಲ್ಲಿ ಸುರಿಯುತ್ತ ಹೋದೆ. ಒಣ ಜಾಗ, ಮೇಲೆ ಫ್ಯಾನು, ಇವೆರಡೂ ಇರುವುದು ಮಂಚದ ಮೇಲೆ ಮಾತ್ರ.

ಸಂಜೆ ಸ್ನೇಹಲ ತಾನು ಕಲಿಸುವ ಶಾಲೆಯಿಂದ ಬಂದು ತನ್ನ ಕೋಣೆಗೆ ಹೋದಳು. ಹೋದ ಹಾಗೆಯೇ ಹೊರಗೆ ಬಂದಳು.

"ಮಾಮಾ, ನಮ್ಮ ಹಾಸಿಗಿ ಮ್ಯಾಲ ಯಾರೋ ಮಲಗ್ಯಾರ್ರಿ."

"ಬ್ಯಾಡಗಿ," ಅಂದೆ.

"ಯಾವಾಗ ಏಳ್ತಾರ?"

"ಒಣಗಿದ ಮ್ಯಾಲೆ."

ಮಗ ಸೊಸೆ ಪಡಸಾಲೆಯಲ್ಲಿ ಮಲಗಿದರು. ಫ್ಯಾನಿನ ಗಾಳಿಗೆ ಮೆಣಸಿನಕಾಯಿಯ ಧೂಳು ಎದ್ದು ಮನೆಮಂದಿಯೆಲ್ಲ ಸೀನಿದರು. ಒಬ್ಬರ ಸೀನಿಗೆ ಇನ್ನೊಬ್ಬರು ಉತ್ತರ ಕೊಡುವಂತೆ. ಹೊಳೆವ್ವ ಮಾತ್ರ ಸೀನುವಾಗಲೂ ಒಂದು ಮಾತು ಆಡಲಿಲ್ಲ.

ಒಣಗಿದ ಮೇಲೆ ತೊಟ್ಟು ಮುರಿಯುವ ಕೆಲಸ. ಒಬ್ಬನೇ ಕುಳಿತು ಎಲ್ಲ ಮುರಿದೆ. ನನ್ನ ಏಕಾಗ್ರತೆಗೆ ನಾನೇ ಮೆಚ್ಚಿದೆ. ಕೆಲಸ ಮುಗಿಸಿ, ಕೈ ತೊಳೆಯುವುದನ್ನು ಮರೆತು, ಬಚ್ಚಲಿಗೆ ಹೋದೆ. (ಮುಂದಿನದನ್ನು ಬರೆಯುವ ಹಾಗಿಲ್ಲ. ಗಂಡಸು ಓದುಗರಿಗೆ ಅರ್ಥವಾಗುತ್ತದೆ. ಹೆಂಗಸರು ತಮ್ಮ ಯಜಮಾನರನ್ನು ಕೇಳಬಾರದೆಂದು ವಿನಂತಿ.) ನಾನು ತುಂಬ ಹೊತ್ತು ಹೊರಗೆ ಬರದಿದ್ದಾಗ ಹೊಳೆವ್ವ ಬಾಗಿಲ ಸಂದಿಯಿಂದ ಒಂದು ತಂಬಿಗೆ ತಣ್ಣನೆಯ ಮೊಸರು ಒಳಗೆ ಚಾಚಿದಳು. ಮಾತಾಡಲಿಲ್ಲ. ಆದರೆ ತಂಬಿಗೆ ಹಿಡಿದ ಕೈ ಕುಲುಕುಲು ನಡುಗುತ್ತಿತ್ತು. ಮಣಿಕಟ್ಟಿನ ನೋವು ಇರಬೇಕು ಎಂದುಕೊಂಡೆ.

ಇನ್ನು ಹುರಿಯುವ ದಿನ.

ನಮ್ಮ ಪಕ್ಕದ ಮನೆ ಅಣ್ಣಾಸಾಬನದು. ಅವನು ಜೈನ, ಅರಿವೆ ವ್ಯಾಪಾರ, ನನಗೆ ಚಡ್ಡಿ ದೋಸ್ತ. ಅವನ ಒಬ್ಬಳೇ ಮಗಳು ಪೂನಮ. ನಾನು ಎತ್ತಿ ಆಡಿಸಿದ ಕೂಸು. ಆಕೆಯನ್ನು ನೋಡಲು ಉಗಾರ ಬುದ್ರುಕದಿಂದ ಗಂಡಿನ ಕಡೆಯವರು ಬರುವವರಿದ್ದರು. "ನೀ ಬಂದ ಕುಂಡ್ರಬೇಕ ನೋಡ ಮುರಗೆಪ್ಪಾ, ನನಗ ಮಾತಾಡಾಕ ಬರೂದಿಲ್ಲ," ಎಂದು ಅಣ್ಣಾಸಾಬ ಹೇಳಿಹೋಗಿದ್ದ. ಬರುತ್ತೇನೆ ಎಂದಿದ್ದೆ. ಅವರು ಬರುವುದು ಮಧ್ಯಾಹ್ನ, ನನ್ನ ಹುರಿಯುವ ಕೆಲಸ ಬೆಳಿಗ್ಗೆ. ಎರಡೂ ಒಂದಕ್ಕೊಂದು ತಾಗುವ ಪ್ರಶ್ನೆಯೇ ಇರಲಿಲ್ಲ.

ಆದರೆ ಒಲೆ ಬೇಗ ಹತ್ತಲಿಲ್ಲ, ಗಂಡಿನ ಕಡೆಯವರು ಬೇಗ ಬಂದರು.

ಹಿತ್ತಲಲ್ಲಿ ಮೂರು ಕಲ್ಲು ಹೂಡಿ ದೊಡ್ಡ ಕಡಾಯಿ ಇಟ್ಟಿದ್ದೆ. ಮಸಾಲೆ ಸಾಮಾನು ಚೆನ್ನಾಗಿ ಹುರಿದವು, ಓಣಿಯೆಲ್ಲ ಘಮಘಮ ಎಂದಿತು. ಆ ಹುರುಪಿನಲ್ಲಿ ಲವಂಗಿಯ ಚೀಲವನ್ನು ಪೂರ್ತಿ ಕಡಾಯಿಗೆ ಮಗುಚಿದೆ. ಗಾಳಿ ಅಣ್ಣಾಸಾಬನ ಮನೆಯತ್ತ ಬೀಸುತ್ತಿತ್ತು.

ಮೊದಲು ಗೋಡೆಯಾಚೆಯಿಂದ ಒಂದು ಕೆಮ್ಮು ಕೇಳಿಸಿತು. ಮರ್ಯಾದಸ್ಥರ ಕೆಮ್ಮು, ಕರವಸ್ತ್ರ ಅಡ್ಡ ಹಿಡಿದದ್ದು. ಆಮೇಲೆ ಎರಡು. ಆಮೇಲೆ ಎಷ್ಟು ಎಂದು ತಿಳಿಯದಷ್ಟು. ಚಹಾದ ಬಟ್ಟಲು ಬಿದ್ದ ಸದ್ದು. ಹಿಂಬಾಗಿಲು ತೆರೆದು ಅಣ್ಣಾಸಾಬ ಹೊಸ ಅಂಗಿಯ ತುದಿಯನ್ನು ಮೂಗಿಗೆ ಹಿಡಿದುಕೊಂಡು ಓಡಿಬಂದ. ಎರಡೂ ಕಣ್ಣಿಂದ ನೀರು ಧಾರಾಕಾರ.

"ಮುರಗೆಪ್ಪಾ, ನಿನ್ನ ಕಾಲ ಬೀಳ್ತೇನಿ. ಆ ಒಲಿ ಆರಸು. ಬೀಗರಾಗಬೇಕಾದವರು ಬೀದ್ಯಾಗ ನಿಂತಾರ."

ಗಾಬರಿಯಲ್ಲಿ ಕೈಗೆ ಸಿಕ್ಕ ಕೊಡದ ನೀರನ್ನು ಒಲೆಗೆ ಸುರಿದೆ. ಅರ್ಧ ಒಲೆಗೆ ಬಿತ್ತು, ಅರ್ಧ ಕಡಾಯಿಗೆ ಬಿತ್ತು. ಅದುವರೆಗೆ ಬಂದದ್ದು ಹೊಗೆಯೇ ಅಲ್ಲ ಎಂದು ಆಗ ತಿಳಿಯಿತು. ಚುಂಯ್ ಎಂದು ಒಂದು ಬಿಳಿ ಮೋಡ ಎದ್ದು, ಗೋಡೆ ಹತ್ತಿ, ಅಣ್ಣಾಸಾಬನ ಮನೆಯ ಒಳಹೊಕ್ಕಿತು. ಓಣಿಯ ಬಾಗಿಲುಗಳು ಪಟಪಟ ಮುಚ್ಚಿದವು. ಬೀದಿಯಲ್ಲಿ ನಿಂತಿದ್ದ ಗಂಡಿನ ತಂದೆ ಜಿನ್ನಪ್ಪನವರು ರಸ್ತೆ ಪಕ್ಕದ ದನ ನೀರು ಕುಡಿಯುವ ಬಾನಿಯಲ್ಲಿ ಮುಖ ಅದ್ದಿ ಕುಳಿತರು.

ಕ್ಷಮೆ ಕೇಳಬೇಕೆಂದು ನಾನೇ ಓಡಿದೆ. ಬಟ್ಟೆ ತುಂಬ ಮೆಣಸಿನಕಾಯಿ ಘಾಟು ಹೊತ್ತುಕೊಂಡು ಹೋದ ನನ್ನನ್ನು ಕಂಡು, ಆಗಷ್ಟೇ ಸುಧಾರಿಸಿಕೊಂಡಿದ್ದವರೂ ಮತ್ತೆ ಕೆಮ್ಮಿದರು. ಹಿಂದಿನ ಅಂಗಳದಲ್ಲಿ ಪೂನಮ ತನ್ನ ರೇಷ್ಮೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಆ ಹುಡುಗ ಅಭಿನಂದನನ ಕಣ್ಣಿಗೆ ತಂಬಿಗೆಯಿಂದ ನೀರು ಬಿಡುತ್ತಿದ್ದಳು. ತನ್ನ ಕಣ್ಣೂ ಉರಿಯುತ್ತಿತ್ತು ಪಾಪ. ಹುಡುಗನ ತಾಯಿ ಮಂಗಲಬಾಯಿಯವರು ಪಡಸಾಲೆಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು, ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿಬಿಟ್ಟರು.

ಅಣ್ಣಾಸಾಬ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳಿಂದ ನನ್ನ ಮನಿ ಹೊಸ್ತಿಲ ತುಳೀಬ್ಯಾಡ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ.

ಮನೆಗೆ ಬಂದಾಗ ಹೊಳೆವ್ವ ತನ್ನ ವ್ರತ ಮುರಿದಳು. "ಇದು ಖಾರದ ಮಾತಲ್ಲ, ಅದಕ್ಕ ಆಡ್ತೇನಿ. ಆ ಹುಡಗಿ ನಿಮಗ ಏನ ಮಾಡಿತ್ತು?"

ಕಡಾಯಿಯನ್ನು ಹಾಗೇ ಹಳ್ಳಕ್ಕೆ ಸುರಿದುಬಿಡಲೇ ಅನಿಸಿತು. ಆದರೆ ಸುರಿದರೆ ಪೂನಮಳ ಸಂಬಂಧ ತಿರುಗಿ ಬರುತ್ತದೆಯೇ? ಅದೂ ಹೋಯಿತು, ಇದೂ ಅರ್ಧಕ್ಕೆ ಬಿತ್ತು ಅನಿಸಿಕೊಳ್ಳಬೇಕು. ತೊಯ್ದದ್ದನ್ನು ಬಿಸಿಲಿಗೆ ಹಾಕಿ ಒಣಗಿಸಿ, ಎಲ್ಲವನ್ನೂ ಚೀಲಕ್ಕೆ ತುಂಬಿ, ಭೀಮಸಿಯ ಖಾರ ಕುಟ್ಟುವ ಗಿರಣಿಗೆ ಒಯ್ದೆ. ಅಲ್ಲಿ ದೊಡ್ಡ ಪಾಳಿ ಇತ್ತು. ನನ್ನ ಚೀಲದ ಬಾಯಿ ಬಿಚ್ಚಿದ ಕೂಡಲೇ ಪಾಳಿಯಲ್ಲಿದ್ದವರೆಲ್ಲ, "ನಿಮ್ಮದ ಮೊದಲ ಮಾಡಸ್ರಿ, ನಮಗೇನ ಅವಸರ ಇಲ್ಲ," ಎಂದು ರಸ್ತೆಯಾಚೆಗೆ ಹೋಗಿ ನಿಂತರು. ಭೀಮಸಿ ಯಂತ್ರ ಚಾಲೂ ಮಾಡಿ ತಾನೂ ಅವರ ಜೊತೆಗೆ ನಿಂತ.

ಹೇಗೋ ಆಯಿತು. ಕೆಂಪಗೆ, ನುಣ್ಣಗೆ, ಅಚ್ಚುಕಟ್ಟಾದ ಮಸಾಲಿ ಖಾರ. ಸ್ಟೀಲಿನ ಡಬ್ಬಿಗಳಿಗೆ ತುಂಬಿ ಕೊನೆಯ ಮುಚ್ಚಳ ಒತ್ತಿದಾಗ ಟಪ್ ಎಂದು ಒಂದು ಸದ್ದು ಬಂತು. ಮುಗಿಯಿತು. ಡಬ್ಬಿಗಳನ್ನು ಸಾಲಾಗಿ ಇಟ್ಟು ಕಣ್ಣಿಂದ ನೋಡಿದೆ. ಅಣ್ಣಾಸಾಬನ ಬಾಗಿಲು ನೆನಪಾಗಿ ಸಂತೋಷ ಪೂರ್ತಿ ಆಗಲಿಲ್ಲ. ಆದರೂ ಮುಗಿಯಿತು.

ಉದ್ಘಾಟನೆಗೆ ಅಥಣಿಯಿಂದ ಗಿರಿಜಕ್ಕನನ್ನು ಕರೆಸಿದೆ. ನಮ್ಮ ಬಳಗದಲ್ಲಿ ಅಡುಗೆಯ ವಿಷಯಕ್ಕೆ ಆಕೆಯದೇ ಕೊನೆಯ ಮಾತು. ಹೊಸ ಖಾರ ಹಾಕಿ ಹೊಳೆವ್ವ ಕಡಲೆಹಿಟ್ಟಿನ ಜುಣಕ ಮಾಡಿದಳು. ಅಕ್ಕ ರೊಟ್ಟಿಯಲ್ಲಿ ಜುಣಕ ಹಿಡಿದು ಬಾಯಿಗಿಟ್ಟಳು. ಅಗಿದಳು. ನಿಲ್ಲಿಸಿದಳು. ಮೂಗು ಕೆಂಪಾಯಿತು, ಕಣ್ಣು ತುಂಬಿತು, ತುಂಬಿ ಹರಿಯಿತು.

"ಮುರಗ್ಯಾ," ಅಂದಳು ಕೊನೆಗೆ, ಅರ್ಧ ಬೆಲ್ಲದ ಉಂಡೆ ತಿಂದ ಮೇಲೆ. "ನಮ್ಮವ್ವ ಸತ್ತಾಗ ಸೈತ ನಾ ಇಷ್ಟ ಅತ್ತಿದ್ದಿಲ್ಲೋ."

"ಸ್ವಲ್ಪ ಖಾರ ಆಗೇತಿ," ಅಂದೆ.

"ಮತ್ತ ಇದರಾಗ ಬಳ್ಳೊಳ್ಳಿ ಎಲ್ಲೈತಿ? ಉಳ್ಳಾಗಡ್ಡಿ ಎಲ್ಲೈತಿ?"

ಎಲ್ಲರೂ ಅಡುಗೆಮನೆಯ ಮೂಲೆಯತ್ತ ನೋಡಿದೆವು. ಖಾರಕ್ಕೆಂದೇ ಹೊಳೆವ್ವ ಮೊದಲೇ ತಂದಿಟ್ಟಿದ್ದ ಬೆಳ್ಳುಳ್ಳಿಯ ಗೊಂಚಲು ಗೂಟಕ್ಕೆ ತೂಗುತ್ತಿತ್ತು. ಕೆಳಗೆ ಈರುಳ್ಳಿಯ ಬುಟ್ಟಿ. ನಾನು ನೀರು ಕುಡಿಯಲು ಎದ್ದು ಹೋದಾಗ ಮೊಬೈಲಿನ ಹೆಣ್ಣುಮಗಳು ಹಾಕಿದ ಒಂದೆರಡು ಸಾಮಾನು ಯಾವುವು ಎಂದು ಆಗ ತಿಳಿಯಿತು.

"ಹೊಳೆವ್ವಾ, ನೀ ನೋಡಲಿಲ್ಲೇನ?" ಅಂದಳು ಅಕ್ಕ.

"ದಿನಾ ನೋಡ್ತಿದ್ದೆ ಅಕ್ಕಾ. ಬಾಯಿ ಹಾಕಬ್ಯಾಡ ಅಂದಿದ್ರು," ಅಂದಳು ಹೊಳೆವ್ವ, ನೀರಿನ ತಂಬಿಗೆ ಮುಂದೆ ಸರಿಸುತ್ತ.

ಅಕ್ಕ ಮಧ್ಯಾಹ್ನದ ಬಸ್ಸಿಗೇ ಅಥಣಿಗೆ ಹೋದಳು. ಖಾರದ ಡಬ್ಬಿ ಒಯ್ಯಲಿಲ್ಲ. ನಾನು ಹೊಳೆವ್ವನ ಹಿಂದೆ ಹಿಂದೆ ಅಡುಗೆಮನೆಗೆ ಹೋದೆ. ನಾಲ್ಕು ಸಲ ಗಂಟಲು ಸರಿಮಾಡಿಕೊಂಡೆ.

"ಈಗ ಏನ ಮಾಡೂದು?"

"ಯಾಕ? ಮುಗಸೀರಲ್ಲ."

"ಹೊಳೆವ್ವಾ."

ನನ್ನ ಮುಖ ನೋಡಿ ಆಕೆಗೆ ಏನನಿಸಿತೋ, ಕೈಯಲ್ಲಿದ್ದ ಸವಟು ಕೆಳಗಿಟ್ಟಳು. "ಖಾರಾ ಕಡಿಮಿ ಮಾಡಾಕ ಬರೂದಿಲ್ರಿ. ಬಾಕೀದೆಲ್ಲಾ ಹೆಚ್ಚ ಮಾಡಬೇಕು. ಬ್ಯಾಡಗಿ ತರ್ರಿ, ಕೊತ್ತಂಬರಿ ಬೀಜ ತರ್ರಿ, ಕೊಬ್ಬರಿ, ಎಳ್ಳು. ಖಾರ ಹದಕ್ಕ ಬಂದ ಮ್ಯಾಲ ಬಳ್ಳೊಳ್ಳಿ ನೋಡೂಣು."

ತಂದೆ. ಬೆರೆಸಿದೆವು. ಸಾಲಲಿಲ್ಲ. ಮತ್ತೆ ತಂದೆ. ಲವಂಗಿ ತನ್ನ ಹಟ ಬಿಡಲೊಲ್ಲದು, ನಾವು ನಮ್ಮ ಹಟ ಬಿಡಲೊಲ್ಲೆವು. ಪ್ರತಿ ಸಲ ಗಿರಣಿಗೆ ಹೋಗಿ ಬಂದಾಗ ಖಾರದ ಉರಿ ಒಂದು ತೂಕ ಇಳಿಯುತ್ತಿತ್ತು, ಖಾರದ ರಾಶಿ ಒಂದು ಮಾರು ಏರುತ್ತಿತ್ತು. ಡಬ್ಬಿಗಳು ತುಂಬಿದವು. ಕೊಡಗಳು ತುಂಬಿದವು. ಗೋದಿಯ ಡ್ರಮ್ಮು ಬರಿದಾಗಿ ಖಾರದ ಡ್ರಮ್ಮು ಆಯಿತು. ನಿವೃತ್ತಿಯ ದಿನ ಕಚೇರಿಯವರು ಕೊಟ್ಟ ತಾಮ್ರದ ಹಂಡೆಯೂ ತುಂಬಿತು. ಕೊನೆಗೆ ಹೊಳೆವ್ವ ಬೆರಳ ತುದಿಗೆ ಹಚ್ಚಿ ನೆಕ್ಕಿ, ಕಣ್ಣು ಮುಚ್ಚಿ, "ಈಗ ಬಂತ ನೋಡ್ರಿ," ಅಂದಾಗ ಮನೆಯಲ್ಲಿ ನೀರು ತುಂಬಲು ಒಂದು ಪಾತ್ರೆ ಉಳಿದಿರಲಿಲ್ಲ. ನಮ್ಮ ವಂಶದವರು ಇನ್ನು ಮೂರು ತಲೆಮಾರು ಕೂತು ಉಂಡರೂ ಕರಗದಷ್ಟು ಖಾರ ಆಗಿತ್ತು.

ಅದೇ ಸಂಜೆ ಹಿಂಬಾಗಿಲಲ್ಲಿ ಯಾರೋ ಕೆಮ್ಮಿದರು. ಅಣ್ಣಾಸಾಬ. ನಾನು ಎದ್ದು ನಿಂತೆ.

"ಮಂಗಲಬಾಯಿ ಫೋನ ಮಾಡಿದ್ರು," ಅಂದ ಅಣ್ಣಾಸಾಬ. "ಹುಡಗಾ ಒಪ್ಯಾನಂತ. ಕಣ್ಣ ಉರೀತಿದ್ರೂ ತಾ ಓಡಿ ಹೋಗಲಿಲ್ಲ, ಮೊದಲ ನನ್ನ ಕಣ್ಣ ತೊಳದ್ಲು, ಇಂಥಾಕಿನ್ನ ಬಿಟ್ಟ ಬ್ಯಾರೆ ಯಾರನ್ನ ನೋಡೂದಿಲ್ಲ ಅಂತ ಕುಂತಾನಂತ."

ನಾನು ಅವನ ಎರಡೂ ಕೈ ಹಿಡಿದುಕೊಂಡೆ. ಹೊಳೆವ್ವ ಸಕ್ಕರೆ ಡಬ್ಬಿ ಹುಡುಕಿದಳು. ಅದರಲ್ಲೂ ಖಾರ ಇತ್ತು. ಬೆಲ್ಲ ಕೊಟ್ಟಳು.

"ಇನ್ನೊಂದ ಮಾತ," ಅಂದ ಅಣ್ಣಾಸಾಬ. "ಅವತ್ತ ಹುರದದ್ದು ಯಾರ ಮನಿ ಮಸಾಲಿ ಅಂತ ಕೇಳಿದ್ರು. ಅಷ್ಟ ಹೊಗಿಯಾಗೂ ಬಳ್ಳೊಳ್ಳಿ ವಾಸನಿ ಬರಲಿಲ್ಲಂತ. ಅವರು ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟೂದಿಲ್ಲ. ಅಂಥಾ ಮಸಾಲಿ ಪ್ಯಾಟ್ಯಾಗ ಸಿಗೂದಿಲ್ಲ, ಒಂದ ಡಬ್ಬಿ ಸಿಗತೈತೇನು ಅಂತ."

"ಅದು ಮರತ," ಎಂದು ನಾನು ಶುರು ಮಾಡಿದೆ.

"ಸಿಗತೈತ್ರಿ," ಅಂದಳು ಹೊಳೆವ್ವ, ನನ್ನ ಕಾಲು ತುಳಿದು. "ನಾವು ಬೇಕಂತನ ಹಾಕಿಲ್ರಿ. ನಾಕ ಮಂದಿಗೆ ನಡೀಬೇಕು ನೋಡ್ರಿ."

ಮುಂದಿನ ಕಥೆ ಬಹಳ ವೇಗವಾಗಿ ನಡೆಯಿತು. ಒಂದು ಡಬ್ಬಿ ಉಗಾರ ಬುದ್ರುಕಕ್ಕೆ ಹೋಯಿತು. ಮಂಗಲಬಾಯಿಯವರು ತಮ್ಮ ತಂಗಿಗೆ ಕೊಟ್ಟರು, ತಂಗಿ ತನ್ನ ನಾದಿನಿಗೆ ಹೇಳಿದಳು, ನಾದಿನಿ ಬಸದಿಯಲ್ಲಿ ಹತ್ತು ಮಂದಿಗೆ ಹೇಳಿದಳು. ಪೂನಮಳ ಲಗ್ನದ ಅಡುಗೆಗೂ ಇದೇ ಮಸಾಲಿ ಆದ ಮೇಲೆ ಫೋನು ನಿಲ್ಲಲಿಲ್ಲ. ಮೂರು ತಲೆಮಾರಿನ ಖಾರ ಶ್ರಾವಣಕ್ಕೆ ಮುಂಚೆಯೇ ಬರಿದಾಯಿತು. ಹೊಳೆವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಹಿತ್ತಲಲ್ಲಿ ಮತ್ತೆ ಕಡಾಯಿ ಏರಿಸಿದಳು. ಗಾಳಿ ನೋಡಿ ಹುರಿಯುತ್ತಾಳೆ, ಯಾರೂ ಕೆಮ್ಮುವುದಿಲ್ಲ. ಕುರ್ಚಿ ಹಾಕಿ ಕುಳಿತು ಬರೀ ಬೆರಳು ತೋರಿಸುತ್ತಾಳೆ, ಕೆಲಸ ಆಗುತ್ತದೆ. ಮಣಿಕಟ್ಟಿನ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ.

ಸ್ನೇಹಲ ಕಂಪ್ಯೂಟರಿನಲ್ಲಿ ಒಂದು ಚೀಟಿ ಮಾಡಿದಳು. 'ಹೊಳೆವ್ವಾಯಿ ಮಸಾಲಿ ಖಾರ' ಎಂದು ದೊಡ್ಡ ಅಕ್ಷರ, ಕೆಳಗೆ ಕೈಮುಗಿದ ಹೊಳೆವ್ವನ ಫೋಟೋ, ಅದರ ಕೆಳಗೆ ಫೋನ್ ನಂಬರು.

"ನನ್ನ ಹೆಸರ?" ಅಂದೆ.

"ಜಾಗಾ ಸಾಲಲಿಲ್ರಿ ಮಾಮಾ," ಅಂದಳು. "ನಿಮಗ ಬ್ಯಾರೆ ಕೆಲಸ ಇಟ್ಟೇವಿ. ಸ್ಕೂಟರ ಒಳಗ ಪೆಟ್ರೋಲ ಐತಿಲ್ಲೋ ನೋಡ್ರಿ."

ಹೀಗೆ ನಾನು ದಿನಾ ಹಿಂದೊಂದು ಡಬ್ಬ, ಮುಂದೊಂದು ಚೀಲ ಕಟ್ಟಿಕೊಂಡು ಇವತ್ತು ಸದಲಗಾ, ನಾಳೆ ರಾಯಬಾಗ ಎಂದು ತಿರುಗುವವನಾದೆ. ಮೊನ್ನೆ ಕಾಗವಾಡದಲ್ಲಿ ಒಂದು ಮನೆಗೆ ಮಸಾಲಿ ಕೊಡಲು ಹೋಗಿದ್ದೆ. ಬಾಗಿಲಿಗೆ ಒಬ್ಬ ಮುದುಕಿ ಬಂದರು. ನನ್ನ ಮುಖದ ಬೆವರು, ಅಂಗಿಯ ಮೇಲಿನ ಕೆಂಪು ಕಲೆ ನೋಡಿ ಕನಿಕರಪಟ್ಟು ಕಟ್ಟೆಯ ಮೇಲೆ ಕೂರಿಸಿದರು. ಚಹಾ ಕೊಟ್ಟರು.

"ಎಷ್ಟ ವರ್ಷ ಆತಪಾ ಹೊಳೆವ್ವಾಯಿ ಕಡೆ ಕೆಲಸಕ್ಕ ಹತ್ತಿ?" ಎಂದು ಕೇಳಿದರು.

ಸುಳ್ಳು ಹೇಳುವುದು ನನಗೆ ಆಗುವುದಿಲ್ಲ. "ಮೂವತ್ತನಾಕ ವರ್ಷ ಆತ್ರಿ," ಅಂದೆ.

"ಅಯ್ಯ ನಮ್ಮಪ್ಪಾ. ಅಷ್ಟ ವರ್ಷ ದುಡದಿ, ಈ ವಯಸ್ಸಿನ್ಯಾಗೂ ಬಿಸಲಾಗ ತಿರಗಾಕ ಹಚ್ಯಾಳೇನು? ಕುಂತ ಮಾಡೂವಂಥದ್ದ ಒಂದ ಕೆಲಸ ಕೊಡ್ರಿ ಅಂತ ಕೇಳಬೇಕಿಲ್ಲೋ?"

"ಕೇಳಾಕ ಅಂಜಿಕಿ ಬರತೈತ್ರಿ."

"ತಡಿ, ನಾ ಹೇಳ್ತೇನಿ." ಮುದುಕಿ ಡಬ್ಬಿಯ ಮೇಲಿನ ನಂಬರು ನೋಡಿ ಮೊಮ್ಮಗಳ ಕೈಯಿಂದ ಫೋನು ಹಚ್ಚಿಸಿದರು. ನಾನು ತಡೆಯುವಷ್ಟರಲ್ಲಿ ಸ್ಪೀಕರಿನಲ್ಲಿ ಆ ಕಡೆಯಿಂದ ಹಲೋ ಎಂಬ ನನ್ನ ಧರ್ಮಪತ್ನಿಯ ದನಿ ಕೇಳಿಸಿತು.

"ನೋಡವಾ ಹೊಳೆವ್ವಾ, ನಿನ್ನ ಮಸಾಲಿ ಛಲೋ ಐತಿ. ಆದ್ರ ಈ ಮಸಾಲಿ ತಂದಾನಲ್ಲ, ಪಾಪ ವಯಸ್ಸಾಗೇತಿ. ನಿಯತ್ತಿನ ಮನಷ್ಯಾ ಕಾಣತಾನ. ಇವಂಗ ಒಂದೀಟ ಹಗರ ಕೆಲಸ ಕೊಡು."

ಇನ್ನು ಆಕೆ ನಾಚಿಕೊಂಡು, ಅಯ್ಯೋ ಅವರು ನಮ್ಮ ಯಜಮಾನರು ರೀ ಎನ್ನುತ್ತಾಳೆ, ಈ ಮುದುಕಿ ಬಾಯಿಗೆ ಸೆರಗು ಹಿಡಿದು ಒಳಗೆ ಓಡುತ್ತಾರೆ ಎಂದು ನಾನು ಅಂಗಿ ಸರಿಮಾಡಿಕೊಂಡು ನೆಟ್ಟಗೆ ಕುಳಿತೆ.

"ಹೌದ್ರಿ ಆಯಿ," ಅಂದಳು ಹೊಳೆವ್ವ. "ಆಳು ಛಲೋ ಅದಾನ್ರಿ. ಮುಂದಿನ ವರ್ಷ ನೋಡೂಣಂತ ಹೇಳ್ರಿ. ಮತ್ತ ಬರತ ರಾಯಬಾಗದಾಗ ಎರಡ ಡಬ್ಬಿ ಇಳಿಸಿ ಬಾ ಅಂತ ಹೇಳ್ರಿ."

ಮುದುಕಿ ಫೋನು ಇಟ್ಟು ನನ್ನ ಬೆನ್ನು ತಟ್ಟಿದರು. "ಕೇಳಿದಿಲ್ಲೋ? ಮುಂದಿನ ವರ್ಷ ನೋಡತಾಳಂತ. ಅಲ್ಲೀತನಕ ಎದುರ ಮಾತಾಡಬ್ಯಾಡ, ನಿಯತ್ತಲೆ ದುಡಿ."

"ಹೂಂನ್ರಿ," ಎಂದು ಬಟ್ಟಲು ಕೆಳಗಿಟ್ಟು, ಸ್ಕೂಟರ್ ಚಾಲೂ ಮಾಡಿ, ರಾಯಬಾಗದ ಹಾದಿ ಹಿಡಿದೆ.